ಪೇವರ್ ಹಾಕಲು ಹೊರಟಾಗ ಮನೆ ಪಾಯದ ಕಾಂಕ್ರೀಟ್ ಅಡ್ಡ ಬಂದರೆ

ಗೋಡೆ ಪಕ್ಕ ಪೇವರ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಬ್ಲಾಕ್) ಹಾಕಿಸೋಣ ಅಂತ ಅಗೆಯಲು ಶುರು ಮಾಡುತ್ತೀರಿ. ಅರ್ಧ ಅಡಿ ಆಳಕ್ಕೆ ಹೋಗುವಷ್ಟರಲ್ಲಿ ಹಾರೆ ಠಣ್ ಅನ್ನುತ್ತದೆ. ಮಣ್ಣು ಸರಿಸಿ ನೋಡಿದರೆ ಕಾಂಕ್ರೀಟು. ಗೋಡೆಯಿಂದ ಆಚೆಗೆ ಐದಾರು ಇಂಚು ಚಾಚಿಕೊಂಡಿದೆ. ಪೇವರ್ ಕೂರಬೇಕಾದ ಜಾಗದಲ್ಲೇ ಅದು ಕೂತಿದೆ. ಆಗ ಕೆಲಸದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಬ್ರೇಕರ್ ತಂದು ಹೊಡೆದುಬಿಡೋಣ ಸಾರ್, ಅರ್ಧ ದಿನದ ಕೆಲಸ."

ಆ ಮಾತಿಗೆ ಹೂಂ ಅನ್ನುವ ಮೊದಲು ಒಂದು ದಿನ ನಿಲ್ಲಿಸಿ. ತುಮಕೂರಿನ ನಮ್ಮ ಮನೆಯಲ್ಲಿ ಇದೇ ಆಯಿತು. ಮನೆಗೂ ಕಾಂಪೌಂಡಿಗೂ ನಡುವೆ 4 ಅಡಿ ಅಗಲದ ಜಾಗ. ಮಳೆ ಬಂದರೆ ಕೆಸರು ಎರಚಿ ಗೋಡೆಯೆಲ್ಲ ಕೆಂಪಾಗುತ್ತಿತ್ತು. ಅಲ್ಲಿ ಪೇವರ್ ಹಾಕಲು ಹೋದಾಗ ಮೂರು ಕಡೆ ಮೂರು ಬೇರೆ ಬೇರೆ ವಸ್ತು ಅಡ್ಡ ಸಿಕ್ಕವು. ಮೇಲಿಂದ ನೋಡಿದರೆ ಮೂರೂ ಒಂದೇ ಥರ ಕಾಂಕ್ರೀಟಿನ ಅಂಚು. ಅದರಲ್ಲಿ ಒಂದನ್ನು ಮಾತ್ರ ಕತ್ತರಿಸಬಹುದಿತ್ತು. ಉಳಿದ ಎರಡನ್ನು ಮುಟ್ಟಿದ್ದರೆ ಗೋಡೆಗೆ ಅಪಾಯ. ಹಾಗಾಗಿ ಈ ಕೆಲಸದಲ್ಲಿ ಕತ್ತರಿಸುವುದಕ್ಕಿಂತ ಗುರುತಿಸುವುದೇ ದೊಡ್ಡ ಭಾಗ. ಅದಕ್ಕೇ ಅದನ್ನು ಮೊದಲು ಹೇಳುತ್ತೇನೆ.

ಅಡ್ಡ ಬಂದಿರುವುದು ಏನು?

ನಮ್ಮ ಕಡೆ ಕಾಲಂ (ಕಂಬ) ಕಟ್ಟಿದ ಮನೆಗಳಲ್ಲಿ ಫೂಟಿಂಗ್, ಅಂದರೆ ಭಾರವನ್ನು ಮಣ್ಣಿಗೆ ಹಂಚುವ ಪಾಯದ ಅಗಲವಾದ ತಳ, ಸಾಮಾನ್ಯವಾಗಿ ನಾಲ್ಕೈದು ಅಡಿ ಆಳದಲ್ಲಿರುತ್ತದೆ. ಪೇವರ್‌ಗೆ ನಾವು ಅಗೆಯುವುದು ಏಳೆಂಟು ಇಂಚು. ಆ ಆಳದಲ್ಲಿ ನಿಜವಾದ ಫೂಟಿಂಗ್ ಸಿಗಬಾರದು. ಸಿಕ್ಕಿದರೆ ಒಂದೋ ಅದು ಫೂಟಿಂಗ್ ಅಲ್ಲ, ಇಲ್ಲವೇ ಪಾಯವನ್ನು ಬಹಳ ಮೇಲೆ ಹಾಕಿದ್ದಾರೆ, ಅಥವಾ ಸುತ್ತಲಿನ ಮಣ್ಣು ಕೊಚ್ಚಿ ಹೋಗಿ ನೆಲವೇ ಕೆಳಗಿಳಿದಿದೆ. ಪಾಯ ನೆಲದ ಮಟ್ಟದಿಂದ ಕನಿಷ್ಠ 50 ಸೆಂ.ಮೀ. ಆಳಕ್ಕಾದರೂ ಹೋಗಿರಬೇಕು ಅಂತ ಐಎಸ್ 1904 ಅನ್ನುವ ಭಾರತೀಯ ಮಾನಕ ಹೇಳುತ್ತದೆ. ಇದು ಕೆಳಮಿತಿ ಮಾತ್ರ, ಮಣ್ಣು ನೋಡಿಕೊಂಡು ಇನ್ನೂ ಆಳಕ್ಕೆ ಹೋಗಬೇಕು.

ನೋಡುವ ಕ್ರಮ ಸುಲಭ. ಗೋಡೆಗೆ ಅಂಟಿಕೊಂಡಂತೆ ಒಂದು ಅಡಿ ಅಗಲ, ಒಂದು ಅಡಿ ಉದ್ದದ ಗುಂಡಿ ತೋಡಿ. ಮೂಲೆಯಲ್ಲಿ ಒಂದು, ಗೋಡೆಯ ನಡುವೆ ಒಂದು, ಕಾಲಂ ಇದೆ ಅನ್ನಿಸಿದ ಕಡೆ ಒಂದು. ಕೈಯಿಂದಲೇ ತೋಡಿ, ಜೆಸಿಬಿ ಬೇಡ. ಗೋಡೆ ಪಕ್ಕದಲ್ಲಿ ಅರ್ಥಿಂಗ್ ತಂತಿ, ನೀರಿನ ಪೈಪು, ಚರಂಡಿ ಪೈಪು, ಈಗೀಗ ಗ್ಯಾಸ್ ಪೈಪು ಕೂಡ ಇರುತ್ತದೆ. ಕಾಂಕ್ರೀಟಿನ ಕೆಳಭಾಗ ಕಾಣುವವರೆಗೆ ತೋಡಿ ನಿಲ್ಲಿಸಿ. ಅದರ ಅಡಿಗೆ ಕೈ ಹಾಕಿ ಮಣ್ಣು ಕೆದಕಬೇಡಿ.

ಈಗ ಕೂತು ಚೆನ್ನಾಗಿ ನೋಡಿ. ನಮ್ಮ ಮೊದಲ ಗುಂಡಿಯಲ್ಲಿ ಕಂಡಿದ್ದು ಹೀಗಿತ್ತು. ಕಾಂಕ್ರೀಟಿನ ಅಂಚು ಸೊಟ್ಟಪಟ್ಟ. ಒಂದು ಕಡೆ 3 ಇಂಚು ಚಾಚಿದೆ, ಎರಡು ಅಡಿ ಮುಂದೆ 8 ಇಂಚು. ದಪ್ಪ ಎಲ್ಲೂ 5 ಇಂಚಿಗಿಂತ ಜಾಸ್ತಿ ಇಲ್ಲ. ಪಕ್ಕದ ಮುಖಕ್ಕೆ ಮಣ್ಣು ಕಚ್ಚಿಕೊಂಡಿದೆ, ಹಲಗೆ ಇಟ್ಟು ಹಾಕಿದ ಗುರುತು ಇಲ್ಲ. ಒಳಗೆ ಜಲ್ಲಿ ಕಡಿಮೆ, ಬರೀ ಸಿಮೆಂಟ್ ಹಾಲು ಗಟ್ಟಿಯಾದ ಹಾಗೆ. ಸುತ್ತಿಗೆಯಿಂದ ತಟ್ಟಿದರೆ ಕೆಲವು ಕಡೆ ಟೊಳ್ಳು ಸದ್ದು. ಅಡಿಯಲ್ಲಿ ಸಡಿಲ ಮಣ್ಣು. ಇದು ಪ್ಲಿಂತ್ ಬೀಮ್ (ನೆಲದ ಮಟ್ಟದಲ್ಲಿ ಗೋಡೆಯ ಅಡಿಗೆ ಹಾಕುವ ಕಾಂಕ್ರೀಟ್ ತೊಲೆ) ಹಾಕುವಾಗ ಹಲಗೆಯ ಅಡಿಯಿಂದ ಸೋರಿ ಹೊರಗೆ ಹರಿದ ಕಾಂಕ್ರೀಟು. ಜೊತೆಗೆ ದಿನದ ಕೊನೆಗೆ ಬಾಣಲೆಯಲ್ಲಿ ಉಳಿದದ್ದನ್ನೂ ಅಲ್ಲೇ ಸುರಿದಿದ್ದರು. ಮನೆಯ ಭಾರ ಇದರ ಮೇಲೆ ಒಂದು ಕೆಜಿಯಷ್ಟೂ ಇಲ್ಲ. ಇದನ್ನು ಕತ್ತರಿಸಬಹುದು.

ಎರಡನೆಯದು ಪೋರ್ಟಿಕೋ ಕಂಬದ ಹತ್ತಿರ ಸಿಕ್ಕಿತು. ಅಂಚು ದಾರ ಹಿಡಿದ ಹಾಗೆ ನೇರ, ಮೂಲೆ ಸರಿಯಾಗಿ ಚೌಕ. ಕಂಬದ ನಾಲ್ಕೂ ಕಡೆ ಒಂದೇ ಅಳತೆ ಚಾಚಿದೆ. ದಪ್ಪ ಒಂದು ಅಡಿ. ಹಲಗೆಯ ಗೀರು ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಇದು ಅಸಲಿ ಫೂಟಿಂಗ್. ಪೋರ್ಟಿಕೋ ಆಮೇಲೆ ಸೇರಿಸಿದ್ದು, ಆಗ ಜಾಸ್ತಿ ಆಳಕ್ಕೆ ಹೋಗದೆ ಮೇಲೆಯೇ ಹಾಕಿದ್ದರು.

ಮೂರನೆಯದು ಹಿಂದಿನ ಅಡುಗೆಮನೆ ಗೋಡೆ. ಅದು ಹಳೆಯ ಭಾಗ, ಕಾಲಂ ಇಲ್ಲ, ಸೈಜ್ ಕಲ್ಲಿನ ಪಾಯದ ಮೇಲೆ ಗೋಡೆ ನಿಂತಿದೆ. ಕಲ್ಲಿನ ಕಟ್ಟಡ ಗೋಡೆಗಿಂತ ಅಗಲ. ಆ ಹೆಚ್ಚಿನ ಭಾಗದ ಮೇಲೆ ಗಾರೆ ಬಳಿದಿದ್ದರಿಂದ ಕಾಂಕ್ರೀಟಿನ ಥರ ಕಾಣುತ್ತಿತ್ತು. ಗಾರೆ ಒಂದು ಕಡೆ ಕೆರೆದಾಗ ಕಲ್ಲು ಕಂಡಿತು.

ಇನ್ನೊಂದು ಬಗೆಯೂ ಇದೆ, ನಮಗೆ ಸಿಗಲಿಲ್ಲ. ಹಿಂದೆ ಯಾರೋ ಗೋಡೆ ಸುತ್ತ ಎರಡು ಅಡಿ ಅಗಲಕ್ಕೆ ತೆಳುವಾಗಿ ಕಾಂಕ್ರೀಟ್ ಹಾಸಿರುತ್ತಾರೆ, ಮಳೆನೀರು ಪಾಯಕ್ಕೆ ಇಳಿಯದಿರಲಿ ಅಂತ. ಇದಕ್ಕೆ ಪ್ಲಿಂತ್ ಪ್ರೊಟೆಕ್ಷನ್ ಅನ್ನುತ್ತಾರೆ. ಮೂರ್ನಾಲ್ಕು ಇಂಚು ದಪ್ಪ, ಗೋಡೆಗೂ ಅದಕ್ಕೂ ನಡುವೆ ಬಿರುಕು ಇದ್ದೇ ಇರುತ್ತದೆ. ಭಾರ ಹೊರುವುದಿಲ್ಲ, ತೆಗೆಯಬಹುದು. ಆದರೆ ತೆಗೆದ ಮೇಲೆ ಅದು ಮಾಡುತ್ತಿದ್ದ ಕೆಲಸವನ್ನು ನಿಮ್ಮ ಪೇವರ್ ಮಾಡಬೇಕು.

ಗುರುತಿಸಲು ಅನುಮಾನ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ಗುಂಡಿ ತೋರಿಸಿ. ಮನೆಯ ಪಾಯದ ನಕ್ಷೆ ಇದ್ದರೆ ಅದನ್ನೂ ಕೊಡಿ. ಅವರ ಫೀಸಿಗೆ ಹಿಂಜರಿಯಬೇಡಿ. ಪೇವರ್ ಕೆಟ್ಟರೆ ತೆಗೆದು ಮತ್ತೆ ಹಾಕಬಹುದು, ಪಾಯ ಹಾಗಲ್ಲ. ಉಳಿಯಿಂದ ಚಿಪ್ಪು ಎಬ್ಬಿಸಿದಾಗ ಒಳಗೆ ಕಂಬಿ ಕಂಡರಂತೂ ಅಲ್ಲೇ ಕೆಲಸ ನಿಲ್ಲಿಸಿ. ಸೋರಿದ ಕಾಂಕ್ರೀಟಿನಲ್ಲಿ ಕಂಬಿ ಇರುವುದಿಲ್ಲ.

ನಾಲ್ಕು ಇಂಚು ಕತ್ತರಿಸಿದರೆ ಏನಾಗುತ್ತದೆ

"ಬರೀ ನಾಲ್ಕು ಇಂಚು, ಅಷ್ಟಕ್ಕೆ ಏನಾಗುತ್ತೆ" ಅಂತ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ. 9 ಇಂಚಿನ ಗೋಡೆ, ಅದರ ಕೆಳಗೆ 24 ಇಂಚು ಅಗಲದ ಫೂಟಿಂಗ್ ಇದೆ ಅಂದುಕೊಳ್ಳಿ. ಗೋಡೆ ಸರಿಯಾಗಿ ನಡುವೆ ಇದೆ, ಎರಡೂ ಕಡೆ ಏಳೂವರೆ ಇಂಚು ಚಾಚಿದೆ. ಭಾರ ಕೆಳಗಿನ ಮಣ್ಣಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಈಗ ಹೊರಗಿನ ಕಡೆಯಿಂದ 4 ಇಂಚು ಕತ್ತರಿಸಿದಿರಿ. ಅಗಲ 20 ಇಂಚಾಯಿತು. ಅಗಲ ಕಡಿಮೆಯಾಗಿದ್ದು ಆರನೇ ಒಂದು ಭಾಗ, ಹಾಗಾಗಿ ಒತ್ತಡವೂ ಅಷ್ಟೇ ಏರಬಹುದು ಅನ್ನಿಸುತ್ತದೆ ಅಲ್ವಾ? ಆದರೆ ಗೋಡೆ ಈಗ ನಡುವೆ ಇಲ್ಲ, ಹೊರಗಿನ ಕಡೆಗೆ 2 ಇಂಚು ಸರಿದಂತಾಯಿತು. ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ ಹೊರಗಿನ ಅಂಚಿನ ಕೆಳಗಿರುವ ಮಣ್ಣಿನ ಮೇಲೆ ಒತ್ತಡ ಮೊದಲಿಗಿಂತ 1.9 ಪಟ್ಟು ಆಗುತ್ತದೆ. ಒಳಗಿನ ಅಂಚಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೊರಗಿನ ಅಂಚು ಕುಸಿಯಲು ನೋಡುತ್ತದೆ, ಗೋಡೆ ಹೊರಗೆ ವಾಲಲು ನೋಡುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದಕ್ಕೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ.

ಇನ್ನೊಂದು ವಿಷಯ. ಫೂಟಿಂಗ್ ಪಕ್ಕದಲ್ಲಿರುವ ಮಣ್ಣು ಸುಮ್ನೆ ಕೂತಿಲ್ಲ. ಕೆಳಗಿನ ಮಣ್ಣು ಭಾರಕ್ಕೆ ಪಕ್ಕಕ್ಕೆ ಜಾರಿ ಮೇಲೆ ಉಬ್ಬದಂತೆ ಅದು ತಡೆದು ಹಿಡಿದಿರುತ್ತದೆ. ಹಾಗಾಗಿ ಮೇಲೆಯೇ ಇರುವ ಪಾಯದ ಪಕ್ಕ ಉದ್ದಕ್ಕೂ ಕಾಲುವೆ ಥರ ಆಳವಾಗಿ ತೋಡಿ ವಾರಗಟ್ಟಲೆ ಬಿಟ್ಟುಬಿಡುವುದು ಕೂಡ ಅಪಾಯ, ಕಾಂಕ್ರೀಟಿಗೆ ಏಟು ಹಾಕದಿದ್ದರೂ ಸರಿಯೇ.

ಸೈಜ್ ಕಲ್ಲಿನ ಪಾಯಕ್ಕೆ ಬೇರೆ ಕಾರಣ ಇದೆ. ಬ್ರೇಕರ್ ಇಟ್ಟರೆ ನೀವು ಹೊಡೆಯುವ ಕಲ್ಲು ಒಡೆಯುವ ಮೊದಲು ಅದರ ಪಕ್ಕದ ಗಾರೆ ಸಡಿಲವಾಗುತ್ತದೆ. ಹಳೆಯ ಮನೆಗಳಲ್ಲಿ ಕಲ್ಲಿನ ನಡುವೆ ಬರೀ ಮಣ್ಣಿನ ಗಾರೆ ಇರುವುದೂ ಉಂಟು. ಒಂದು ಕಲ್ಲು ಅಲುಗಿದರೆ ಮೇಲಿನ ಎರಡು ಕಲ್ಲು ಅಲುಗುತ್ತವೆ. ಕರಾವಳಿಯಲ್ಲಿ ಕೆಂಪುಕಲ್ಲಿನ ಪಾಯ ಇದ್ದವರೂ ಇದನ್ನೇ ಪಾಲಿಸಿ. ಆ ಕಲ್ಲನ್ನು ಕೊಡಲಿ ಥರದ ಆಯುಧದಲ್ಲೇ ಕೆತ್ತಬಹುದು ನಿಜ, ಆದರೆ ಕೆತ್ತಿದ ಹೊಸ ಮುಖ ನೀರು ಹೀರುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಅದು ಬೇಡ.

ಅಸಲಿ ಫೂಟಿಂಗನ್ನು ಸ್ವಲ್ಪವೂ ಮುಟ್ಟುವಂತಿಲ್ಲವೇ ಅಂದರೆ, ಒಂದು ದಾರಿ ಇದೆ. ಕಂಬಿ ಇಲ್ಲದ ದಪ್ಪ ಕಾಂಕ್ರೀಟ್ ಫೂಟಿಂಗ್ ಆದರೆ ಗೋಡೆಯ ಭಾರ ಅದರೊಳಗೆ ಸುಮಾರು 45 ಡಿಗ್ರಿ ಓರೆಯಲ್ಲಿ ಕೆಳಗೆ ಹರಡುತ್ತದೆ. ಗೋಡೆ ಫೂಟಿಂಗಿಗೆ ಸೇರುವ ಜಾಗದಿಂದ ಫೂಟಿಂಗಿನ ಕೆಳಗಿನ ಹೊರ ಅಂಚಿಗೆ ಒಂದು ಗೆರೆ ಎಳೆಯಿರಿ. ಆ ಗೆರೆ 45 ಡಿಗ್ರಿಗಿಂತ ಕಡಿದಾಗಿದ್ದರೆ, ಗೆರೆಯಿಂದ ಮೇಲಿನ ಹೊರ ಮೂಲೆಯ ತ್ರಿಕೋನಕ್ಕೆ ಹೆಚ್ಚು ಕೆಲಸ ಇಲ್ಲ. ಆ ಮೂಲೆಯನ್ನು ಮಾತ್ರ ಓರೆಯಾಗಿ ಸವರಬಹುದು. ತಳದ ಅಗಲ ಹಾಗೇ ಉಳಿಯುತ್ತದೆ, ಪೇವರ್‌ಗೆ ಎರಡು ಮೂರು ಇಂಚು ಜಾಗ ಸಿಗುತ್ತದೆ. ಆದರೆ ಮಣ್ಣಿನ ಮೇಲಿನ ಒತ್ತಡ ಮತ್ತು ಕಾಂಕ್ರೀಟಿನ ಗಟ್ಟಿತನ ನೋಡಿ ಆ ಗೆರೆ ಇನ್ನೂ ಕಡಿದಾಗಿರಬೇಕಾದೀತು. ಅದನ್ನು ಎಂಜಿನಿಯರ್ ಲೆಕ್ಕ ಹಾಕಿ ಕಾಗದದ ಮೇಲೆ ಬರೆದುಕೊಡಬೇಕು. ಕಂಬಿ ಇರುವ ಫೂಟಿಂಗ್ ಆದರೆ ಮೂಲೆ ಸವರುವುದನ್ನೂ ನಿಮ್ಮಷ್ಟಕ್ಕೆ ನೀವೇ ತೀರ್ಮಾನಿಸಬೇಡಿ. ಐಎಸ್ 456 ಪ್ರಕಾರ ಅಂಥ ಫೂಟಿಂಗಿನ ಅಂಚು ಎಲ್ಲೂ 150 ಮಿ.ಮೀ.ಗಿಂತ ತೆಳ್ಳಗಿರಬಾರದು, ಕಂಬಿಯ ಹೊರಗೆ ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಮುಚ್ಚಿಕೊಂಡಿರಬೇಕು.

ಕಾಂಪೌಂಡ್ ಗೋಡೆಯ ಪಾಯಕ್ಕೂ ಇದೇ ಮಾತು. ಸಣ್ಣ ಗೋಡೆ ಅಂತ ಸಸಾರ ಮಾಡುವವರು ಜಾಸ್ತಿ. ಅದಕ್ಕೆ ಮೇಲೆ ಹಿಡಿದುಕೊಳ್ಳಲು ಚಾವಣಿ ಇಲ್ಲ, ಬರೀ ಪಾಯದ ಅಗಲದ ಮೇಲೆ ನಿಂತಿದೆ. ಪಕ್ಕದಲ್ಲಿ ಮಕ್ಕಳು ಆಡುತ್ತಿರುತ್ತವೆ.

ಕತ್ತರಿಸುವ ಮೊದಲು ಮಟ್ಟ ಹಾಕಿ

ಎಷ್ಟು ಕತ್ತರಿಸಬೇಕು ಅನ್ನುವುದು ಪೇವರ್ ಯಾವ ಮಟ್ಟಕ್ಕೆ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಟ್ಯೂಬ್ ಲೆವೆಲ್ (ನೀರು ತುಂಬಿದ ಪೈಪು) ಹಿಡಿದು ಗೋಡೆಯ ಮೇಲೆ ಒಂದು ಗೆರೆ ಹಾಕಿ. ಪ್ಲಿಂತ್ ಮಟ್ಟದಲ್ಲಿ ತೇವ ತಡೆಯಲು ಹಾಕಿದ ಡಿಪಿಸಿ ಪದರ ಎಲ್ಲಿದೆ ನೋಡಿ. ಪೇವರ್‌ನ ಮೇಲ್ಮೈ ಅದಕ್ಕಿಂತ ಕನಿಷ್ಠ 6 ಇಂಚು ಕೆಳಗೆ ಇರಬೇಕು. ಮೇಲೇರಿಸಿದರೆ ಮಳೆ ಎರಚಿ ತೇವ ಡಿಪಿಸಿ ದಾಟಿ ಗೋಡೆಗೆ ಹತ್ತುತ್ತದೆ, ಒಳಗೆ ಬಣ್ಣ ಹೊಪ್ಪಳಿಕೆ ಏಳುತ್ತದೆ. ಕಾಂಕ್ರೀಟ್ ಕತ್ತರಿಸುವ ಗೋಜೇ ಬೇಡ ಅಂತ ಪೇವರನ್ನೇ ಮೇಲೆತ್ತುವವರು ಈ 6 ಇಂಚನ್ನು ಮರೆಯಬಾರದು.

ಇಳಿಜಾರು ಮನೆಯಿಂದ ಆಚೆಗೆ. 50ಕ್ಕೆ 1ರಂತೆ ಅಂದರೆ 4 ಅಡಿ ಅಗಲಕ್ಕೆ ಸುಮಾರು 1 ಇಂಚು. ಗೋಡೆ ಪಕ್ಕ ಎತ್ತರ, ಕಾಂಪೌಂಡ್ ಕಡೆ ತಗ್ಗು.

ಈಗ ದಪ್ಪ. ನಡೆದಾಡುವ ಜಾಗಕ್ಕೆ 50 ಮಿ.ಮೀ. ಬ್ಲಾಕ್ ಸಾಕು, ಕಾರು ನಿಲ್ಲುವ ಕಡೆ 60 ಬೇಕು, ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ 60. ಅದರ ಕೆಳಗೆ 30 ಮಿ.ಮೀ. ಎಂ ಸ್ಯಾಂಡ್ ಹಾಸು. ಅದರ ಕೆಳಗೆ ಜಲ್ಲಿ ಮತ್ತು ಕ್ರಷರ್ ಪುಡಿ ಸೇರಿಸಿ ಗುದ್ದಿದ 100 ಮಿ.ಮೀ. ತಳ. 60ರ ಬ್ಲಾಕ್ ಆದರೆ ಒಟ್ಟು 190 ಮಿ.ಮೀ., ಏಳೂವರೆ ಇಂಚು. ಮೇಸ್ತ್ರಿಗಳು ಅಡ್ಡ ಬಂದ ಕಾಂಕ್ರೀಟನ್ನೂ ಈ ಏಳೂವರೆ ಇಂಚಿನವರೆಗೆ ಒಡೆಯಲು ಹೊರಡುತ್ತಾರೆ. ಅದು ಬೇಕಿಲ್ಲ. ಜಲ್ಲಿಯ ತಳ ಇರುವುದು ಮೆತ್ತಗಿನ ಮಣ್ಣಿನ ಮೇಲೆ ಭಾರ ಹಂಚಲು. ಕಾಂಕ್ರೀಟ್ ಗಟ್ಟಿಯಾಗಿ ಕೂತಿದ್ದರೆ ಅದೇ ತಳ. ಅಂದರೆ ಅಲ್ಲಿ ಬ್ಲಾಕ್ ಮತ್ತು ಮರಳಿಗೆ 90 ಮಿ.ಮೀ., ಮೂರೂವರೆ ಇಂಚು ಸಿಕ್ಕರೆ ಸಾಕು.

ನಮ್ಮ ಪೋರ್ಟಿಕೋ ಫೂಟಿಂಗ್ ಮೇಲ್ಮೈ ಬೇಕಾದ ಮಟ್ಟಕ್ಕಿಂತ 5 ಇಂಚು ಕೆಳಗಿತ್ತು. ಅದನ್ನು ಒಡೆಯಲೇಬೇಕು ಅಂದಿದ್ದರು. ಲೆಕ್ಕ ಹಾಕಿದಾಗ ಒಂದು ಏಟೂ ಹಾಕಬೇಕಿಲ್ಲ ಅಂತ ಗೊತ್ತಾಯಿತು. ಫೂಟಿಂಗ್ ಮೇಲೆ ಒಂದೂವರೆ ಇಂಚು ಕ್ರಷರ್ ಪುಡಿ, ಅದರ ಮೇಲೆ ಮರಳು, ಬ್ಲಾಕ್. ಮುಗೀತು. ಒಂದು ಎಚ್ಚರ ಬೇಕು. ಕಾಂಕ್ರೀಟ್ ಮೇಲೆ ಕೂತ ಬ್ಲಾಕ್ ಕುಸಿಯುವುದಿಲ್ಲ, ಪಕ್ಕದ ಮಣ್ಣಿನ ಮೇಲಿನದು ಕುಸಿಯುತ್ತದೆ, ಎರಡರ ನಡುವೆ ಮೆಟ್ಟಿಲಾಗುತ್ತದೆ. ಅದಕ್ಕೆ ಫೂಟಿಂಗ್ ಸುತ್ತಲಿನ ಒಂದೂವರೆ ಅಡಿ ಜಾಗದಲ್ಲಿ ಜಲ್ಲಿಯನ್ನು ಎರಡು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಚೆನ್ನಾಗಿ ಗುದ್ದಿಸಿದೆವು.

ಕತ್ತರಿಸುವ ಕೆಲಸ

ಇದು ಸೋರಿದ ಕಾಂಕ್ರೀಟು, ಇಲ್ಲವೇ ಎಂಜಿನಿಯರ್ ಒಪ್ಪಿದ ಭಾಗಕ್ಕೆ ಮಾತ್ರ. ಮಳೆಗಾಲದಲ್ಲಿ ಶುರು ಮಾಡಬೇಡಿ. ಗೋಡೆ ಪಕ್ಕದ ಕಾಲುವೆಯಲ್ಲಿ ಒಂದು ರಾತ್ರಿ ನೀರು ನಿಂತರೆ ಪಾಯದ ಮಣ್ಣು ಮೆತ್ತಗಾಗುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಸಮಯ. ಧಾರವಾಡ, ವಿಜಯಪುರ, ರಾಯಚೂರು ಕಡೆ ಎರೆಮಣ್ಣು ಇರುವವರಿಗೆ ಬೇಸಿಗೆಯಲ್ಲೂ ಒಂದು ಮಾತು: ಆ ಮಣ್ಣು ಒಣಗಿದರೆ ಕುಗ್ಗಿ ಬಿರಿಯುತ್ತದೆ, ನೆಂದರೆ ಉಬ್ಬುತ್ತದೆ. ಪಾಯದ ಪಕ್ಕ ತೋಡಿ ಬಿಸಿಲಿಗೆ ಬಿಡಬೇಡಿ. ಅಂದು ತೋಡಿದ್ದನ್ನು ಅಂದೇ ಗರಸು ಹಾಕಿ ಗುದ್ದಿ ಮುಚ್ಚಿ.

ಒಟ್ಟಿಗೆ ಪೂರ್ತಿ ಗೋಡೆ ತೆರೆಯದೆ ಮೂರು ಅಡಿ, ಮೂರು ಅಡಿ ಮಾಡಿಕೊಂಡು ಹೋಗಿ. ಒಂದು ತುಂಡು ಕತ್ತರಿಸಿ, ಸ್ವಚ್ಛ ಮಾಡಿ, ಮುಚ್ಚಿದ ಮೇಲೆ ಮುಂದಿನದು.

ಯಂತ್ರದ ವಿಷಯ. 4 ಇಂಚಿನ ಗ್ರೈಂಡರ್ ಒಂದು ಇಂಚಿನಷ್ಟೇ ಆಳಕ್ಕೆ ಹೋಗುತ್ತದೆ. ಮಾರ್ಬಲ್ ಕಟರ್ ಅದಕ್ಕಿಂತ ಸ್ವಲ್ಪ ಜಾಸ್ತಿ. 9 ಇಂಚಿನದು ಎರಡೂವರೆ ಇಂಚು ಕೊರೆಯುತ್ತದೆ. 14 ಇಂಚಿನ ಕಟರ್ 5 ಇಂಚು ಹೋಗುತ್ತದೆ, ಆದರೆ ಅದು ಪಳಗಿದ ಕೈಯಲ್ಲಿ ಮಾತ್ರ ಇರಬೇಕು. ಎಲ್ಲಕ್ಕೂ ಡೈಮಂಡ್ ಬ್ಲೇಡೇ ಬೇಕು. ಒಡೆಯಲು ಐದಾರು ಕೆಜಿಯ ಸಣ್ಣ ಬ್ರೇಕರ್ ಸಾಕು. ರಸ್ತೆ ಒಡೆಯುವ ದೊಡ್ಡದನ್ನು ಗೋಡೆ ಪಕ್ಕ ತರಬೇಡಿ, ಅದರ ಅದುರಿಗೆ ಒಳಗಿನ ಪ್ಲಾಸ್ಟರ್, ಟೈಲ್ಸ್ ಬಿಟ್ಟುಕೊಳ್ಳುತ್ತವೆ.

ಮೊದಲು ಕತ್ತರಿಸಬೇಕಾದ ಗೆರೆಯನ್ನು ಸೀಮೆಸುಣ್ಣದ ದಾರ ಮಿಡಿದು ಗುರುತು ಮಾಡಿ. ಗೆರೆ ಗೋಡೆಗೆ ಅಂಟಿದ ಹಾಗೆ ಬೇಡ, ಅರ್ಧ ಇಂಚು ಹೊರಗೇ ಇರಲಿ. ಸೋರಿದ ಕಾಂಕ್ರೀಟ್ ಪ್ಲಿಂತ್ ಬೀಮಿಗೆ ಕಚ್ಚಿಕೊಂಡಿರುತ್ತದೆ, ಅದನ್ನು ಪೂರ್ತಿ ಕಿತ್ತು ತೆಗೆಯಲು ಹೋದರೆ ಬೀಮಿನ ಮೈಯೂ ಚಿಪ್ಪಾಗಿ ಬರುತ್ತದೆ. ಗೆರೆಯ ಮೇಲೆ ಕಟರ್ ಓಡಿಸಿ. ಒಂದೇ ಸಲಕ್ಕೆ ಆಳಕ್ಕೆ ಒತ್ತಬೇಡಿ. ಮೊದಲ ಸಲ ಅರ್ಧ ಇಂಚು, ಆಮೇಲೆ ಇನ್ನರ್ಧ, ಹೀಗೆ. ಈ ಕೊರೆದ ಗೆರೆಯೇ ಕೆಲಸದ ಜೀವಾಳ. ಉಳಿಯಬೇಕಾದ್ದಕ್ಕೂ ಹೋಗಬೇಕಾದ್ದಕ್ಕೂ ನಡುವೆ ಇದು ಸಂಬಂಧ ಕಡಿದುಬಿಡುತ್ತದೆ, ಹೊರಗೆ ಬಿದ್ದ ಏಟು ಒಳಕ್ಕೆ ಹೋಗುವುದಿಲ್ಲ.

ಬ್ಲೇಡ್ ಮುಟ್ಟದ ಆಳ ಉಳಿದರೆ, ಅದೇ ಗೆರೆಯ ಹೊರಗೆ ಎರಡು ಮೂರು ಇಂಚಿಗೆ ಒಂದರಂತೆ 12 ಅಥವಾ 16 ಮಿ.ಮೀ. ತೂತುಗಳನ್ನು ಡ್ರಿಲ್ ಮಾಡಿ. ಆಮೇಲೆ ಹೊರ ಅಂಚಿನಿಂದ ಶುರು ಮಾಡಿ ಒಳಕ್ಕೆ ಬನ್ನಿ. ಬ್ರೇಕರ್ ಮೊನೆ ಯಾವಾಗಲೂ ಮನೆಯಿಂದ ಆಚೆಗೆ ಓರೆಯಾಗಿರಲಿ. ಮುಷ್ಟಿ ಗಾತ್ರದ ತುಂಡು ಬರುತ್ತಾ ಹೋಗುತ್ತದೆ. ಗೆರೆಗೆ ಒಂದು ಇಂಚು ಇದೆ ಅನ್ನುವಾಗ ಯಂತ್ರ ಕೆಳಗಿಟ್ಟು ಉಳಿ, ಸುತ್ತಿಗೆ ಹಿಡಿಯಿರಿ. ನಮ್ಮಲ್ಲಿ ಉಳಿ ಹಿಡಿದವರು ಎಪ್ಪತ್ತು ದಾಟಿದ ಕಲ್ಲು ಕೆಲಸದವರು. ಎರಡು ಏಟು ಹಾಕಿ ಸದ್ದು ಕೇಳುತ್ತಿದ್ದರು. ಸದ್ದು ಒಡೆದ ಮಡಕೆಯ ಹಾಗೆ ಬಂದರೆ ತುಂಡು ಬಿಟ್ಟುಕೊಂಡಿದೆ ಅಂತ ಅರ್ಥ, ಉಳಿಯನ್ನು ಸ್ವಲ್ಪ ತಿರುಗಿಸಿ ಮೀಟುತ್ತಿದ್ದರು, ತುಂಡು ಗೆರೆಗೆ ಸರಿಯಾಗಿ ಕಳಚಿ ಬೀಳುತ್ತಿತ್ತು. 20 ಅಡಿ ಉದ್ದ ಮುಗಿಸಲು ಎರಡು ದಿನ ಹಿಡಿಯಿತು. ಪ್ಲಾಸ್ಟರಿನ ಒಂದು ಗೀರೂ ಏಳಲಿಲ್ಲ.

ಧೂಳಿನ ಬಗ್ಗೆ ದಯವಿಟ್ಟು ಉದಾಸೀನ ಮಾಡಬೇಡಿ. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಅದು ತಡೆಯುವುದಿಲ್ಲ. ಎನ್95 ಮಾಸ್ಕ್ ನೀವೇ ತಂದು ಕೆಲಸದವರಿಗೆ ಕೊಡಿ, ಕನ್ನಡಕವನ್ನೂ ಕೊಡಿ. ಬ್ಲೇಡ್ ಮೇಲೆ ಸಣ್ಣಗೆ ನೀರು ಬಿಡುತ್ತಾ ಕೊರೆದರೆ ಧೂಳು ಅಲ್ಲೇ ಕೆಸರಾಗಿ ಇಳಿಯುತ್ತದೆ. ನೀರು ಮತ್ತು ಕರೆಂಟ್ ಒಟ್ಟಿಗೆ ಇರುವುದರಿಂದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಇರುವ ಲೈನಿನಿಂದಲೇ ಕರೆಂಟ್ ಕೊಡಿ. ಬೋರ್ಡಿಗೆ ಬರೀ ವೈರ್ ಸಿಕ್ಕಿಸುವುದನ್ನು ಒಪ್ಪಬೇಡಿ. ಗ್ರೈಂಡರ್ ಗಾರ್ಡ್ ಕಳಚಿ ಕೆಲಸ ಮಾಡುವವರಿದ್ದಾರೆ, ಅವರ ಕೈಯಿಂದ ಯಂತ್ರ ತೆಗೆದಿಟ್ಟುಬಿಡಿ.

ಕತ್ತರಿಸಿದ ಮುಖ ಒರಟಾಗಿರುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ನೀರು ಚಿಮುಕಿಸಿ, 1:4 ಸಿಮೆಂಟ್ ಮರಳಿನ ಗಾರೆಯನ್ನು ಹೊರಗೆ ಇಳಿಜಾರಾಗಿ ಬಳಿಯಿರಿ, ಏಳು ದಿನ ನೀರು ಹಾಕಿ. ಎಂಜಿನಿಯರ್ ಹೇಳಿದಂತೆ ಕಂಬಿ ಇರುವ ಭಾಗ ಸವರಿದ್ದರೆ, ಅಥವಾ ಅಚಾನಕ್ಕಾಗಿ ಕಂಬಿ ತೆರೆದುಕೊಂಡಿದ್ದರೆ, ಅದನ್ನು ಹಾಗೇ ಮಣ್ಣಿನಲ್ಲಿ ಮುಚ್ಚಬೇಡಿ. ತುಕ್ಕು ಉಜ್ಜಿ ತೆಗೆದು, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಸೇರಿಸಿದ ರಿಪೇರಿ ಗಾರೆಯಿಂದ ಮುಚ್ಚಬೇಕು. ತುಕ್ಕು ಹಿಡಿದ ಕಂಬಿ ಉಬ್ಬಿ ತಾನಿರುವ ಕಾಂಕ್ರೀಟನ್ನೇ ಒಡೆಯುತ್ತದೆ.

ಮುಚ್ಚುವ ಮೊದಲು ಗೆದ್ದಲಿನ ಮದ್ದು ಹಾಕಿಸಿ. ಮನೆ ಕಟ್ಟುವಾಗ ಗೋಡೆ ಪಕ್ಕದ ಮಣ್ಣಿಗೆ ಮದ್ದು ಹೊಡೆಸಿದ್ದರೆ ಆ ಮಣ್ಣನ್ನೇ ನೀವು ಈಗ ತೆಗೆದು ಹಾಕಿದ್ದೀರಿ. ಪೇವರ್ ಕೂತ ಮೇಲೆ ಮತ್ತೆ ಅಲ್ಲಿಗೆ ಕೈ ಹೋಗುವುದಿಲ್ಲ.

ಕತ್ತರಿಸಲಾಗದ ಕಡೆ

ನಮ್ಮ ಹಿಂದಿನ ಗೋಡೆಯ ಕಲ್ಲಿನ ಪಾಯ ಬೇಕಾದ ಮಟ್ಟಕ್ಕಿಂತ ಬರೀ ಒಂದು ಇಂಚು ಕೆಳಗಿತ್ತು, ಗೋಡೆಯಿಂದ 4 ಇಂಚು ಹೊರಗೆ. ಅಲ್ಲಿ ಬ್ಲಾಕ್ ಕೂರುವುದಿಲ್ಲ, ಒಡೆಯುವಂತೆಯೂ ಇಲ್ಲ. ಅಲ್ಲಿ ಪೇವರನ್ನು ಗೋಡೆಯಿಂದ ಒಂದು ಅಡಿ ದೂರಕ್ಕೆ ನಿಲ್ಲಿಸಿದೆವು. ಅಂಚಿಗೆ ಕರ್ಬ್ ಕಲ್ಲು ನೆಟ್ಟೆವು. ನಡುವಿನ ಒಂದು ಅಡಿಯಲ್ಲಿ ಕಲ್ಲಿನ ಪಾಯದ ಮೇಲಿಂದ ಹೊರಗೆ ಇಳಿಜಾರಾಗಿ ಗಾರೆ ಹಾಕಿ, ನೀರು ಪಾಯದ ಪಕ್ಕ ನಿಲ್ಲದೆ ಕರ್ಬ್ ಕಡೆ ಹರಿದು ಮೋರಿಗೆ ಹೋಗುವಂತೆ ಮಾಡಿ, ಅದರ ಮೇಲೆ 20 ಮಿ.ಮೀ. ಜಲ್ಲಿ ತುಂಬಿದೆವು. ನನಗೆ ಪೇವರ್‌ಗಿಂತ ಈ ಪಟ್ಟಿಯೇ ಜಾಸ್ತಿ ಇಷ್ಟವಾಗಿದೆ. ಮಳೆಹನಿ ಜಲ್ಲಿಯ ಮೇಲೆ ಬಿದ್ದರೆ ಎರಚುವುದಿಲ್ಲ, ಗೋಡೆ ಬೆಳ್ಳಗೆ ಉಳಿದಿದೆ. ಮುಂದೆ ಯಾವತ್ತಾದರೂ ಪಾಯ ನೋಡಬೇಕಾದರೆ ಜಲ್ಲಿ ಸರಿಸಿದರೆ ಸಾಕು.

ಪಾಯ ಎರಡು ಇಂಚಾದರೂ ಕೆಳಗಿದ್ದು, ಗೋಡೆಯವರೆಗೂ ನಡೆಯುವ ಜಾಗ ಬೇಕೇ ಬೇಕು ಅಂದರೆ ತೆಳುವಾದ ಕಲ್ಲು ಹಾಕಿ. ಶಹಾಬಾದ್ ಕಲ್ಲು, ಕಡಪಾ ಕಲ್ಲು ಒಂದು ಇಂಚು ಆಸುಪಾಸಿನ ದಪ್ಪದಲ್ಲಿ ಸಿಗುತ್ತವೆ. ಒಂದು ಇಂಚು ಗಾರೆಯ ಮೇಲೆ ಕೂರಿಸಿದರೆ ಎರಡೇ ಇಂಚಿನಲ್ಲಿ ಕೆಲಸ ಮುಗಿಯುತ್ತದೆ. ಪಾಯದ ಮೇಲೆ ಈ ಕಲ್ಲಿನ ಪಟ್ಟಿ, ಅದರಿಂದಾಚೆಗೆ ಬ್ಲಾಕ್. ಎರಡೂ ಸೇರುವ ಗೆರೆಯಲ್ಲಿ ಸಿಮೆಂಟ್ ತುಂಬಬೇಡಿ, ಅರ್ಧ ಇಂಚು ಸಂದು ಬಿಟ್ಟು ಮರಳು ತುಂಬಿ, ಎರಡೂ ಬೇರೆ ಬೇರೆಯಾಗಿ ಅಲುಗಾಡುತ್ತವೆ. ನುಣುಪು ಮಾಡಿದ ಕಡಪಾ ಮಳೆಯಲ್ಲಿ ಜಾರುತ್ತದೆ, ಒರಟು ಮುಖದ್ದನ್ನೇ ತನ್ನಿ. ವಯಸ್ಸಾದವರು ಓಡಾಡುವ ಮನೆಯಾದರೆ ಇದು ಮುಖ್ಯ.

ಪೇವರ್ ಗುದ್ದುವಾಗಲೂ ಒಂದು ಕೆಲಸ ಇದೆ. ಪ್ಲೇಟ್ ವೈಬ್ರೇಟರನ್ನು ಗೋಡೆಯಿಂದ ಒಂದು ಅಡಿ ದೂರದಲ್ಲೇ ಓಡಿಸಿ, ಗೋಡೆ ಪಕ್ಕದ ಸಾಲನ್ನು ರಬ್ಬರ್ ಸುತ್ತಿಗೆಯಲ್ಲಿ ಕೂರಿಸಿ. ಟೆರೇಸಿನಿಂದ ಇಳಿಯುವ ಮಳೆನೀರಿನ ಪೈಪನ್ನು ಪೇವರ್ ಮೇಲೆ ಬಿಡಬೇಡಿ. ಅದನ್ನು ಕೆಳಗಿನಿಂದಲೇ ಮೋರಿಗೋ ಇಂಗುಗುಂಡಿಗೋ ಒಯ್ಯಿರಿ. ಇಂಗುಗುಂಡಿ ಮನೆಯ ಪಾಯದಿಂದ ದೂರ ಇರಲಿ. ಒಡೆದ ಕಾಂಕ್ರೀಟಿನ ತುಂಡುಗಳನ್ನು ಎರಡು ಇಂಚಿಗಿಂತ ಸಣ್ಣದಾಗಿ ಮಾಡಿಸಿದರೆ ಕಾಂಪೌಂಡ್ ಕಡೆಯ ತಗ್ಗಿಗೆ ಜಲ್ಲಿಯ ಜೊತೆ ಹಾಕಬಹುದು. ನಮ್ಮಲ್ಲಿ ಹೆಚ್ಚಿನದು ಹಾಗೆಯೇ ಖರ್ಚಾಯಿತು, ಕೆರೆ ಅಂಚಿಗೆ ಒಂದು ಟ್ರಿಪ್ಪೂ ಹೋಗಲಿಲ್ಲ.

ಕೆಲಸ ಶುರು ಮಾಡುವ ದಿನವೇ ಮನೆಯ ಒಳಗೂ ಹೊರಗೂ ಇರುವ ಬಿರುಕುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರತಿ ಬಿರುಕಿನ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಕೆಲಸ ನಡೆಯುವಾಗ ದಿನಾ ಒಂದು ಸಲ, ಆಮೇಲೆ ಮೊದಲ ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಂದು ಸಲ ನೋಡಿ. ಬಿರುಕು ಆ ಗೆರೆ ದಾಟಿದರೆ ಅಥವಾ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಉಜ್ಜಲು ಶುರುವಾದರೆ ಅಂದೇ ಎಂಜಿನಿಯರ್‌ಗೆ ಫೋನ್ ಮಾಡಿ, ತೆರೆದ ಗುಂಡಿ ಇದ್ದರೆ ಅವರು ಬರುವಷ್ಟರಲ್ಲಿ ಮಣ್ಣು ತುಂಬಿ ಗುದ್ದಿಸಿಬಿಡಿ.